ಹಾಡಿಗೆ ಹೋಗುವ ಬಸ್ಸು

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಹಂಗಳ ದಾಟಿದರೆ ಹೊಲಗಳು ಒಂದೊಂದಾಗಿ ಹಿಂದೆ ಸರಿದು ಬಂಡೀಪುರದ ಕಾಡಿನ ಅಂಚು ಕಾಣತೊಡಗುತ್ತದೆ. ಆ ಅಂಚಿನ ಒಂದು ಬುಡಕಟ್ಟು ಹಾಡಿಗೆ ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಶಾಲೆಯೊಂದರ ನಲವತ್ತು ಮಕ್ಕಳ ಜೊತೆ ನಾನೂ ಹೋಗಿದ್ದೆ. ಡಿಸೆಂಬರ್ ತಿಂಗಳು, ಹುರುಳಿ ಕೀಳುವ ಕಾಲ. ಪ್ರವಾಸ ಏರ್ಪಡಿಸಿದವರು ಹಿಂದಿನ ಸಂಜೆ ಹಾಡಿಗೆ ಹೇಳಿಕಳಿಸಿದ್ದರಂತೆ. ಬೆಳಿಗ್ಗೆ ಕೂಲಿಗೆ ಹೋಗಬೇಕಿದ್ದ ಏಳೆಂಟು ಹೆಂಗಸರು ಕೆಲಸ ಬಿಟ್ಟು ಉಳಿದಿದ್ದರು. ಹತ್ತಕ್ಕೆ ಬರಬೇಕಾಗಿದ್ದ ನಮ್ಮ ಬಸ್ಸು ತಲುಪಿದ್ದು ಹನ್ನೆರಡಕ್ಕೆ. ಅಷ್ಟು ಹೊತ್ತೂ ಅವರು ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು ಹೊಂಗೆ ಮರದ ಕೆಳಗೆ ಕಾದು ಕೂತಿದ್ದರು.

ಒಂದೇ ಬಣ್ಣದ ಟೋಪಿ ಹಾಕಿಕೊಂಡ ಮಕ್ಕಳು ಇಳಿದರು. ಹಾಡಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಿಸ್ಕತ್ತು, ಪೆನ್ಸಿಲ್ಲು ಕೊಡಿಸಲಾಯಿತು. ಹೆಂಗಸರು ಸುತ್ತ ನಿಂತು ಹಾಡಿ ಕುಣಿದರು. ನಮ್ಮ ಮಕ್ಕಳನ್ನೂ ಎಳೆದುಕೊಂಡರು, ಎಲ್ಲರೂ ನಕ್ಕರು. ಫೋಟೋ ತೆಗೆದದ್ದಾಯಿತು. ಆಮೇಲೆ ಎರಡು ಮನೆಗಳ ಒಳಗೆ ಹತ್ತತ್ತು ಮಕ್ಕಳ ಗುಂಪು ಹೊಕ್ಕು ಒಲೆ, ಬುಟ್ಟಿ, ಗೋಡೆಗೆ ನೇತುಹಾಕಿದ್ದ ರೇಷನ್ ಚೀಲ ಎಲ್ಲವನ್ನೂ ನೋಡಿ ಬಂತು. ಒಟ್ಟು ಒಂದೂಕಾಲು ಗಂಟೆ.

ಎಂಟನೇ ತರಗತಿಯ ಒಬ್ಬ ಹುಡುಗಿ ಮಾತ್ರ ಒಬ್ಬ ಅಜ್ಜಿಯ ಪಕ್ಕ ಕೂತು ತನ್ನ ಅರೆಬರೆ ಕನ್ನಡದಲ್ಲಿ ಏನೋ ಮಾತಾಡುತ್ತಿದ್ದಳು. "ಅಜ್ಜಿ, ನೀವು ಚಿಕ್ಕೋರಿದ್ದಾಗ್ಲೂ ಇದೇ ಮನೆನಾ?" ಅಜ್ಜಿ ಕೈ ಎತ್ತಲಿಲ್ಲ, ಗದ್ದವನ್ನಷ್ಟೇ ಕಾಡಿನ ಕಡೆಗೆ ತಿರುಗಿಸಿ, "ಅಲ್ಲಿತ್ತು ಕಣವ್ವ" ಎಂದರು. ಅಷ್ಟರಲ್ಲಿ ಶಿಕ್ಷಕಿ ಸೀಟಿ ಊದಿದರು. ಮಧ್ಯಾಹ್ನದ ಸಫಾರಿಗೆ ಹೊತ್ತಾಗಿತ್ತು. ಮೇಲುಕಾಮನಹಳ್ಳಿಯಲ್ಲಿ ಟಿಕೆಟ್ ಪಡೆದು ಮಿನಿ ಬಸ್ಸಿನಲ್ಲಿ ನಾವು ಹೋದದ್ದು ಅಜ್ಜಿ ಗದ್ದ ತೋರಿಸಿದ ದಿಕ್ಕಿಗೇ.

ರಾತ್ರಿ ಮಕ್ಕಳಿಗೆ ಒಂದು ಹಾಳೆ ಕೊಟ್ಟು ಹಾಡಿಯಿಂದ ಕಲಿತ ಮೂರು ಸಂಗತಿ ಬರೆಯಲು ಹೇಳಿದರು. ಹಾಳೆಗಳನ್ನು ನಾನೂ ಓದಿದೆ. ಹೆಚ್ಚಿನವರು ಬರೆದದ್ದು ಹೆಚ್ಚುಕಡಿಮೆ ಒಂದೇ: ಅವರು ಬಡವರಾದರೂ ಸಂತೋಷವಾಗಿದ್ದಾರೆ, ನಮಗೆ ಇಷ್ಟೆಲ್ಲ ಇರುವುದಕ್ಕೆ ನಾವು ದೇವರಿಗೆ ಋಣಿಯಾಗಿರಬೇಕು, ಅವರಿಗೆ ಸಹಾಯ ಮಾಡಬೇಕು. ಆ ಹುಡುಗಿಯ ಹಾಳೆಯಲ್ಲಿ ಒಂದೇ ಸಾಲಿತ್ತು, ಅದೂ ಪ್ರಶ್ನೆ: ಅವರು ಅಲ್ಲಿಂದ ಇಲ್ಲಿಗೆ ಯಾಕೆ ಬಂದರು?

ಆ ಪ್ರಶ್ನೆಗೆ ಪ್ರವಾಸದ ಪಟ್ಟಿಯಲ್ಲಿ ಜಾಗವಿರಲಿಲ್ಲ. ಮಕ್ಕಳನ್ನು ಬುಡಕಟ್ಟು ಜನರ ಬದುಕಿನ ಪರಿಚಯಕ್ಕೆಂದು ಕರೆದುಕೊಂಡು ಹೋಗುವ ಶಾಲೆಗಳು ಈಗ ಹೆಚ್ಚುತ್ತಿವೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಆರರಿಂದ ಎಂಟನೇ ತರಗತಿಯ ನಡುವೆ ಯಾವಾಗಲಾದರೂ ಹತ್ತು ದಿನ ಪುಸ್ತಕದ ಚೀಲವಿಲ್ಲದ ಕಲಿಕೆ ಇರಲಿ ಎಂದಿದೆ. ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳಲ್ಲಿ ಸಮಾಜಸೇವೆಗೆ ಲೆಕ್ಕವಿಡುತ್ತಾರೆ. ಬೆಂಗಳೂರು, ಮೈಸೂರಿನಿಂದ ಒಂದೇ ದಿನದಲ್ಲಿ ಮುಟ್ಟಬಹುದಾದ ಬಂಡೀಪುರ ಇದಕ್ಕೆಲ್ಲ ಹೇಳಿಮಾಡಿಸಿದ ಜಾಗವಾಗಿ ಕಾಣುತ್ತದೆ: ಹುಲಿಯೂ ಇದೆ, ಹಾಡಿಯೂ ಇದೆ. ಹೀಗಾಗಿ ಈ ಪ್ರವಾಸಗಳು ನಿಲ್ಲುವುದಿಲ್ಲ. ನಿಲ್ಲಬೇಕೆಂದೂ ನಾನು ಹೇಳುವುದಿಲ್ಲ. ಆದರೆ ಈಗ ನಡೆಯುತ್ತಿರುವ ರೀತಿಯಲ್ಲಿ ಅವು ಮಕ್ಕಳಿಗೆ ತಪ್ಪು ಪಾಠ ಕಲಿಸುತ್ತಿವೆ, ಹಾಡಿಯವರ ಮರ್ಯಾದೆಯನ್ನು ಸವೆಸುತ್ತಿವೆ. ಯಾರು ಯಾರ ಮನೆಗೆ ಹೋಗುತ್ತಿದ್ದಾರೆ, ಒಪ್ಪಿಗೆ ಯಾರದು, ಗುರು ಯಾರು ಎಂಬುದನ್ನು ತಿರುಗಿಸಿ ಹಾಕದೆ ಈ ಬಸ್ಸುಗಳು ಹಾಡಿಗೆ ಹೋಗಬಾರದು ಎಂಬುದು ನನ್ನ ವಾದ.

ಮೊದಲು ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡೋಣ. 1931ರಲ್ಲಿ ಮೈಸೂರಿನ ಮಹಾರಾಜರು ಇಲ್ಲಿ 90 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದರು. ಹತ್ತು ವರ್ಷದ ಮೇಲೆ ಅದು ಹಿಗ್ಗಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ಬಂಡೀಪುರವೂ ಒಂದು. ಈಗ ಅದರ ಒಡಲು 872 ಚದರ ಕಿಲೋಮೀಟರು. ಇದಿಷ್ಟನ್ನು ಸಫಾರಿಯ ಫಲಕ ಹೇಳುತ್ತದೆ. ಈ ಒಡಲೊಳಗೆ ಜೇನುಕುರುಬರ, ಬೆಟ್ಟಕುರುಬರ, ಸೋಲಿಗರ ಹಾಡಿಗಳಿದ್ದವು, ಬೇಸಾಯವಿತ್ತು, ದೇವರಿದ್ದವು, ಸತ್ತವರನ್ನು ಮಣ್ಣು ಮಾಡಿದ ಜಾಗಗಳಿದ್ದವು ಎಂಬುದನ್ನು ಫಲಕ ಹೇಳುವುದಿಲ್ಲ. ಕಾಡು ಸರ್ಕಾರದ್ದಾಗುತ್ತ ಹೋದಂತೆ ಅವರು ಅಂಚಿಗೆ ಬಂದರು. ಕೆಲವರನ್ನು ಎಬ್ಬಿಸಿದರು. ಕೆಲವರು ಬೇಸಾಯ ನಿಂತು, ಕಿರುಕುಳ ತಾಳದೆ ತಾವೇ ಎದ್ದು ಬಂದರು.

ಗುಂಡ್ಲುಪೇಟೆ ಕಡೆಯ ಮಾತಿನಲ್ಲೇ ಇದರ ಗುರುತಿದೆ. ಕಾಡಿನೊಳಗಿದ್ದಾಗ ಅವರ ನೆಲೆ ಹಾಡಿ, ಸೋಲಿಗರಿಗಾದರೆ ಪೋಡು. ಅಂಚಿಗೆ ಬಂದ ಮೇಲೆ ಅದು ಕಾಲೋನಿ. ಕೇರಳದ ರಸ್ತೆಯಲ್ಲಿ ಮದ್ದೂರು ಕಾಲೋನಿ ಇದೆ, ಇತ್ತ ಕನಿಯನಪುರ ಕಾಲೋನಿ ಇದೆ. ಮನೆ ಕಟ್ಟಿಸಿಕೊಟ್ಟವರು ಇಟ್ಟ ಹೆಸರು ಅದು. ಮಕ್ಕಳಿಗೆ ಇತಿಹಾಸ ಹೇಳಬೇಕಾದ ಶಿಕ್ಷಕರು ಈ ಮೂರು ಪದಗಳನ್ನು ಬೋರ್ಡಿನ ಮೇಲೆ ಬರೆದು, ಒಂದರಿಂದ ಇನ್ನೊಂದಕ್ಕೆ ಜನ ಹೇಗೆ ಬಂದರೆಂದು ಕೇಳಿದರೆ ಒಂದು ಪೀರಿಯಡ್ಡು ಸಾಲುವುದಿಲ್ಲ.

ಬಂಡೀಪುರಕ್ಕೆ ಒತ್ತಿಕೊಂಡ ನಾಗರಹೊಳೆಯಿಂದ ಹೊರಬಿದ್ದವರ ಲೆಕ್ಕ ಹಾಕಲು ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ ಅಲ್ಲಿ ನೆಲೆ ಕಳೆದುಕೊಂಡ ಬುಡಕಟ್ಟು ಕುಟುಂಬಗಳು 3,418. 2006ರ ಅರಣ್ಯ ಹಕ್ಕು ಕಾಯ್ದೆ ತನ್ನ ಪೀಠಿಕೆಯಲ್ಲೇ ಇವರಿಗೆ ಆದದ್ದನ್ನು ಚಾರಿತ್ರಿಕ ಅನ್ಯಾಯ ಎಂದು ಒಪ್ಪಿಕೊಂಡಿದೆ. ಸಂಸತ್ತೇ ಒಪ್ಪಿದ ಮಾತನ್ನು ಮಕ್ಕಳಿಂದ ಮುಚ್ಚಿಡುವುದು ಯಾಕೆ? ಶಿಕ್ಷಕರು ಹೆದರುವುದು ನನಗೆ ಗೊತ್ತು. ಇದನ್ನೆಲ್ಲ ಹೇಳಿದರೆ ಹುಲಿಯ ಮೇಲೆ, ಕಾಡಿನ ಮೇಲೆ ಮಕ್ಕಳಿಗೆ ಬೇಸರ ಬಂದೀತು, ಪೋಷಕರು ರಾಜಕೀಯ ಎಂದಾರು ಎಂಬ ಅಳುಕು. ನನ್ನ ಅನುಭವದಲ್ಲಿ ಹದಿಮೂರು ಹದಿನಾಲ್ಕರ ಮಕ್ಕಳು ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿದುಕೊಳ್ಳಬಲ್ಲರು. ಹುಲಿ ಉಳಿಯಬೇಕು, ಹುಲಿಗಾಗಿ ಒಬ್ಬರೇ ಬೆಲೆ ತೆತ್ತದ್ದು ಸರಿಯಲ್ಲ. ಇದರಲ್ಲಿ ಮಕ್ಕಳಿಗೆ ಅರ್ಥವಾಗದ್ದು ಏನೂ ಇಲ್ಲ.

ಈ ಇತಿಹಾಸ ಬಿಟ್ಟು ಹಾಡಿಯನ್ನು ತೋರಿಸಿದರೆ ಮಕ್ಕಳ ಕಣ್ಣಿಗೆ ಬೀಳುವುದು ಬಡತನ ಮಾತ್ರ. ಬಡತನಕ್ಕೆ ಕಾರಣ ಕಾಣದಿದ್ದಾಗ ಅದು ಆ ಜನರ ಸ್ವಭಾವದಂತೆ ಕಾಣುತ್ತದೆ. 'ಬಡವರಾದರೂ ಸಂತೋಷವಾಗಿದ್ದಾರೆ' ಎಂಬ ಸಾಲು ಹುಟ್ಟುವುದು ಹಾಗೆ. ಕೂಲಿ ಬಿಟ್ಟು ಎರಡು ಗಂಟೆ ಕಾದ ಹೆಂಗಸು ಅತಿಥಿಗಳ ಮುಂದೆ ನಕ್ಕರೆ ಅದು ಸೌಜನ್ಯ. ಅದನ್ನು ಸಂತೋಷವೆಂದು ಬರೆದುಕೊಂಡು ಬಂದ ಮಗು ಆ ಹೆಂಗಸಿನ ಬಗ್ಗೆ ಏನನ್ನೂ ತಿಳಿದಿಲ್ಲ.

ಇಂಥ ಪ್ರವಾಸಗಳನ್ನು ಪೂರ್ತಿ ನಿಲ್ಲಿಸಿಬಿಡಬೇಕು ಎನ್ನುವ ಗೆಳೆಯರು ನನಗಿದ್ದಾರೆ. ಅವರ ಮಾತಿನ ಹಿಂದೆ ನೋವಿನ ಚರಿತ್ರೆಯಿದೆ. 1958ರಲ್ಲಿ, ನಮ್ಮಲ್ಲಿ ಅನೇಕರು ಆಗಲೇ ಹುಟ್ಟಿದ್ದ ಕಾಲದಲ್ಲಿ, ಬ್ರಸೆಲ್ಸಿನ ವಿಶ್ವ ಮೇಳದಲ್ಲಿ ಕಾಂಗೋದ ಕುಟುಂಬಗಳನ್ನು ಬಿದಿರಿನ ಬೇಲಿಯಾಚೆ ಹಳ್ಳಿಯೊಂದನ್ನು ಕಟ್ಟಿ ಕೂರಿಸಿದ್ದರು. ನೋಡಲು ಬಂದವರು ಬಾಳೆಹಣ್ಣು, ಚಿಲ್ಲರೆ ಎಸೆಯುತ್ತಿದ್ದರು. 2012ರಲ್ಲಿ ಅಂಡಮಾನಿನ ರಸ್ತೆಯಲ್ಲಿ ಜರವಾ ಹೆಂಗಸರನ್ನು ತಿಂಡಿಯ ಆಸೆ ತೋರಿಸಿ ಕುಣಿಸಿದ ವಿಡಿಯೋ ಹೊರಬಿದ್ದಾಗ ಇಡೀ ದೇಶ ತಲೆತಗ್ಗಿಸಿತು. ಬಿಸ್ಕತ್ತಿನ ಸಾಲು ಮತ್ತು ಕುಣಿತವನ್ನು ಕಣ್ಣಾರೆ ಕಂಡ ಮೇಲೆ, ನಾವು ಹಾಗಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ. ನಮ್ಮ ಉದ್ದೇಶ ಒಳ್ಳೆಯದಿತ್ತು, ಅಷ್ಟೇ.

ಆದರೂ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಹಾಡಿಯವರು ಜರವಾಗಳಂತೆ ಹೊರಗಿನವರ ಸಂಪರ್ಕವಿಲ್ಲದೆ ಬಾಳಿದವರಲ್ಲ. ಕೊಡಗಿನ ಕಾಫಿ ತೋಟಕ್ಕೆ, ವಯನಾಡಿನ ಶುಂಠಿ ಹೊಲಕ್ಕೆ ಕೂಲಿಗೆ ಹೋಗಿ ಬರುತ್ತಾರೆ. ಓಟು ಹಾಕುತ್ತಾರೆ, ಮೊಬೈಲು ಹಿಡಿದಿದ್ದಾರೆ. ಬೇಲಿ ಹಾಕಿ ದೂರ ಇಡುವುದೂ ಅವರ ಬಗ್ಗೆ ಬೇರೆಯವರೇ ತೀರ್ಮಾನ ಮಾಡಿದಂತೆ. ಇನ್ನೊಂದು ಕಾರಣ ಬೆಂಗಳೂರಿನ ಮಕ್ಕಳಿಗೆ ಸಂಬಂಧಿಸಿದ್ದು. ನಾಳೆ ಇವರಲ್ಲೇ ಒಬ್ಬಳು ಅರಣ್ಯಾಧಿಕಾರಿಯಾಗುತ್ತಾಳೆ, ಒಬ್ಬ ನ್ಯಾಯಾಧೀಶನಾಗುತ್ತಾನೆ, ಒಬ್ಬ ಕಾಡಿನ ಅಂಚಿನಲ್ಲಿ ರೆಸಾರ್ಟು ಕಟ್ಟುತ್ತಾನೆ, ಬಹಳ ಮಂದಿ ಹುಲಿಯ ಚಿತ್ರ ನೋಡಿ ಸಂರಕ್ಷಣೆಗೆ ಹಣ ಕೊಡುತ್ತಾರೆ. ಹಾಡಿಯ ಹಣೆಬರಹವನ್ನು ಬರೆಯುವ ಕೈಗಳು ಹಾಡಿಯನ್ನು ಒಮ್ಮೆಯೂ ಸರಿಯಾಗಿ ಕಾಣದೆ ಬೆಳೆಯುವುದು ಅಪಾಯ. ಅವರು ಬರಲಿ. ಆದರೆ ಕಲಿಯಲು ಬರಲಿ.

ಕಲಿಯಲು ಏನಿದೆ? ಈ ಪ್ರಶ್ನೆಯನ್ನು ಶಾಲೆಗಳು ಗಂಭೀರವಾಗಿ ಕೇಳಿಕೊಂಡಿದ್ದರೆ ಕುಣಿತಕ್ಕೆ ಒಂದು ಗಂಟೆ, ಸಫಾರಿಗೆ ಮೂರು ಗಂಟೆ ಎಂಬ ಲೆಕ್ಕ ಹಾಕುತ್ತಿರಲಿಲ್ಲ. ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಫಾರಿ ಬಸ್ಸಿನ ಕಿಟಕಿಯಿಂದ ಮಕ್ಕಳು ಅತಿ ಹೆಚ್ಚು ಕಾಣುವ ಗಿಡ ಲಂಟಾನ. ಬಣ್ಣಬಣ್ಣದ ಪುಟ್ಟ ಹೂಗೊಂಚಲು, ಮುಳ್ಳು, ಆಳೆತ್ತರದ ಪೊದೆ. ಅಮೆರಿಕ ಖಂಡದ ಈ ಗಿಡವನ್ನು ಬ್ರಿಟಿಷರು ಅಲಂಕಾರಕ್ಕೆಂದು ತಂದರು. ಅದು ಹಬ್ಬಿದಲ್ಲಿ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿಗೆ ಮೇವಿಲ್ಲ. ಬಂಡೀಪುರದ ದೊಡ್ಡ ರೋಗ ಇದು ಎಂದು ಗೈಡ್ ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಇದೇ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ಗಿಡದ ಬಗ್ಗೆ ಇನ್ನೊಂದು ಕತೆ ಹೇಳುತ್ತಾರೆ. ಹಿಂದೆ ಚಳಿ ಮುಗಿದು ಬಿಸಿಲು ಏರುವ ಮೊದಲು, ಉದುರಿದ ಎಲೆಗೆ ಅವರು ಸಣ್ಣ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಎಂದು ಅದರ ಹೆಸರು. ನೆಲದಲ್ಲಿ ಇನ್ನೂ ತಂಪು ಇರುವಾಗ ಇಟ್ಟ ಬೆಂಕಿ ಮರಕ್ಕೆ ಏರುವುದಿಲ್ಲ. ತರಗು ಸುಟ್ಟು, ಲಂಟಾನದ ಮೊಳಕೆಗಳನ್ನು ಕೊಂದು, ಹೊಸ ಹುಲ್ಲಿಗೆ ದಾರಿ ಮಾಡಿ ಆರಿಹೋಗುತ್ತದೆ. ನೆಲ್ಲಿ ಮರದ ಕೊಂಬೆಗೆ ಹತ್ತಿ ರಸ ಹೀರುವ ಬಂದಳಿಕೆಯನ್ನು ಸೋಲಿಗರು ಉಪ್ಪಿಲು ಎನ್ನುತ್ತಾರೆ. ಅದೂ ಈ ಬೆಂಕಿಗೆ ಹದ್ದುಬಸ್ತಿನಲ್ಲಿ ಇರುತ್ತಿತ್ತು ಎಂಬುದು ಅವರ ಮಾತು. 1974ರಲ್ಲಿ ಆ ಕಾಡು ಅಭಯಾರಣ್ಯವಾಗಿ, ಬೆಂಕಿ ಅಪರಾಧವಾಯಿತು. ಲಂಟಾನವೂ ಉಪ್ಪಿಲೂ ಏರಿದ್ದು ಆ ಮೇಲೆ ಎನ್ನುತ್ತಾರೆ.

ಇದನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ತಳ್ಳಿಹಾಕಲಿಲ್ಲ. ಸೋಲಿಗರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ ಈ ವಾದವನ್ನು ವಿಜ್ಞಾನದ ಪತ್ರಿಕೆಗಳವರೆಗೆ ಒಯ್ದರು. ಅದೇ ಸೋಲಿಗ ಸಮುದಾಯದ ಸಿ. ಮಾದೇಗೌಡರು ಪಿಎಚ್.ಡಿ. ಪಡೆದು ತಮ್ಮ ಜನರ ಅರಣ್ಯ ಜ್ಞಾನದ ಬಗ್ಗೆ ತಾವೇ ಬರೆಯುತ್ತಿದ್ದಾರೆ. ಅರಣ್ಯ ಇಲಾಖೆಯವರಿಗೆ ಇದರಲ್ಲಿ ಅನುಮಾನಗಳಿವೆ, ಅವಕ್ಕೂ ಆಧಾರವಿದೆ: 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಸಾವಿರಾರು ಎಕರೆ ಕಾಡು ಬೂದಿಯಾದದ್ದನ್ನು ನಾವೆಲ್ಲ ನೋಡಿದ್ದೇವೆ. ಹಾಗಾದರೆ ಬೆಂಕಿ ಕಾಡಿನ ಶತ್ರುವೋ, ಮದ್ದೋ? ಯಾವ ತಿಂಗಳ ಬೆಂಕಿ, ಯಾರು ಇಟ್ಟ ಬೆಂಕಿ, ಎಷ್ಟು ತರಗು ಬಿದ್ದಿದ್ದ ನೆಲ? ಐವತ್ತು ವರ್ಷ ಸಣ್ಣ ಬೆಂಕಿ ಇಡದೆ ತರಗು, ಒಣಗಿದ ಲಂಟಾನ ಎಲ್ಲ ಪೇರಿಸಿಕೊಂಡ ಕಾಡಿಗೆ ದೊಡ್ಡ ಬೆಂಕಿ ಬಿದ್ದರೆ ಏನಾಗುತ್ತದೆ? ಒಂಬತ್ತನೇ ತರಗತಿಯ ವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಅದನ್ನು ಕಲಿಸಬಲ್ಲ ಅಜ್ಜ ಹಾಡಿಯ ಜಗಲಿಯ ಮೇಲೆ ಕೂತಿದ್ದಾರೆ. ನಮ್ಮ ಮಕ್ಕಳು ಅವರ ಜೊತೆ ಸೆಲ್ಫಿ ತೆಗೆದುಕೊಂಡು ಬಂದರು.

ಇನ್ನೂ ಇದೆ. ಸೋಲಿಗರು ಬೆಟ್ಟವನ್ನು ಎಲ್ಲೆಗಳಾಗಿ ಹಂಚಿಕೊಂಡಿದ್ದಾರೆ. ಒಂದೊಂದು ಎಲ್ಲೆಗೂ ಒಂದೊಂದು ಕುಲ, ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ನೀರಿನ ಅಬ್ಬಿ, ಹಿರಿಯರು ಮಲಗಿರುವ ಕಲ್ಲುಗುಡಿ. ಇವುಗಳನ್ನು ಅವರೇ ಗುರುತಿಸಿ ನಕ್ಷೆ ಮಾಡಿಸಿದ್ದಾರೆ. ಭೂಗೋಳದ ಪುಸ್ತಕದಲ್ಲಿ ಹಸಿರು ಬಣ್ಣ ಬಳಿದು ಬಿಟ್ಟ ಜಾಗದಲ್ಲಿ ಇಷ್ಟು ಹೆಸರುಗಳಿವೆ ಎಂದು ಕಂಡ ಮಗು ಇನ್ನು ಯಾವ ಕಾಡನ್ನೂ ಖಾಲಿ ಜಾಗ ಎಂದುಕೊಳ್ಳುವುದಿಲ್ಲ. 2011ರಲ್ಲಿ ಆ ಬೆಟ್ಟದ ಪೋಡುಗಳಿಗೆ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಪೌರನೀತಿಯ ಪಾಠವೂ ಅಲ್ಲೇ ಇದೆ.

ಜೇನಿನ ಮಾತು ಎತ್ತಿದರೆ ಲೇಖನ ಮುಗಿಯುವುದಿಲ್ಲ. ಹೆಜ್ಜೇನು, ತುಡುವೆ, ಕೋಲುಜೇನುಗಳ ಗುಣ, ಯಾವ ಹೂವಿನ ಕಾಲದಲ್ಲಿ ಯಾವ ರುಚಿ, ಕತ್ತಲಲ್ಲಿ ಮರ ಹತ್ತುವಾಗಿನ ಎಚ್ಚರ, ಇವೆಲ್ಲ ಬಾಯಿಮಾತಿನಲ್ಲೇ ಉಳಿದಿರುವ ವಿದ್ಯೆ. ಬಂಡೀಪುರದ ರಾಮಾಪುರ ಆನೆ ಶಿಬಿರದಲ್ಲಿ ಆನೆಯ ಕಿವಿಯ ಹಿಂದೆ ಕೂತ ಮಾವುತರ ವಿದ್ಯೆಯೂ ಅಂಥದ್ದೇ.

ಭಾಷೆಯ ವಿಷಯ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು. ಆ ದಿನ ನಮ್ಮ ನಲವತ್ತು ಮಕ್ಕಳಲ್ಲಿ ಹಾಡಿಯವರ ಜೊತೆ ನಾಲ್ಕು ಮಾತು ಆಡಬಲ್ಲವರು ಹತ್ತು ಮಂದಿಯೂ ಇರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು, ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಲಾರರು. ಎದುರಿಗೆ ಬಿಸ್ಕತ್ತು ಹಿಡಿದು ನಿಂತಿದ್ದ ಹತ್ತು ವರ್ಷದ ಹುಡುಗ ಮನೆಯಲ್ಲಿ ತನ್ನ ಕುರುಬ ನುಡಿ ಆಡುತ್ತಾನೆ, ಶಾಲೆಯಲ್ಲಿ ಕನ್ನಡ ಓದುತ್ತಾನೆ, ಅಪ್ಪನ ಜೊತೆ ಗಡಿಯಾಚೆ ಹೋಗಿ ಬಂದು ಮಲಯಾಳವನ್ನೂ ತಮಿಳನ್ನೂ ಅರ್ಥ ಮಾಡಿಕೊಳ್ಳುತ್ತಾನೆ. ಆ ಅಂಗಳದಲ್ಲಿ ಮಾತಿನ ಬಡವರು ಯಾರು? ಇದನ್ನು ನಮ್ಮ ಮಕ್ಕಳಿಗೆ ಯಾರೂ ತೋರಿಸಲಿಲ್ಲ. ಹಾಡಿಗೆ ಹೋಗುವ ಮೊದಲು ಮೂರು ತಿಂಗಳು ಕನ್ನಡ ಮಾತು ಕಲಿತು ಹೋಗುವುದು ಮೊದಲ ಷರತ್ತಾಗಬೇಕು. ಮನೆಯವರ ಮಾತು ಬಾರದೆ ಮನೆಗೆ ಹೋದರೆ ಕಣ್ಣು ಮಾತ್ರ ಕೆಲಸ ಮಾಡುತ್ತದೆ, ಬರೇ ಕಣ್ಣು ಕೆಲಸ ಮಾಡಿದರೆ ಎದುರಿನ ಮನುಷ್ಯ ನೋಟದ ವಸ್ತುವಾಗುತ್ತಾನೆ.

ಇನ್ನು ಒಪ್ಪಿಗೆಯ ಪ್ರಶ್ನೆ. ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದಲ್ಲಿ ಮೂಲನಿವಾಸಿಗಳ ನೆಲಕ್ಕೆ ಹೊರಗಿನವರು ಕಾಲಿಡಬೇಕಾದರೆ ಪರವಾನಗಿ ಬೇಕು. 1976ರ ಭೂಹಕ್ಕು ಕಾನೂನಿನಿಂದ ಬಂದ ವ್ಯವಸ್ಥೆ ಅದು. ಆರ್ನ್‌ಹೆಮ್ ಲ್ಯಾಂಡಿಗೆ ಮಕ್ಕಳನ್ನು ಕರೆದೊಯ್ಯುವ ಶಾಲೆಯೂ ಆ ನೆಲದವರ ಮಂಡಳಿಗೆ ಅರ್ಜಿ ಹಾಕಿ ಕಾಯಬೇಕು. ಉಲುರು ಎಂಬ ಕೆಂಪು ಬಂಡೆಬೆಟ್ಟ ಅನಂಗು ಜನರಿಗೆ ಪವಿತ್ರ. ದಯವಿಟ್ಟು ಹತ್ತಬೇಡಿ ಎಂದು ಅವರು ದಶಕಗಳ ಕಾಲ ಕೇಳಿಕೊಂಡರು. ಪ್ರವಾಸಿಗರು ಹತ್ತುತ್ತಲೇ ಇದ್ದರು. ಅನಂಗು ಪ್ರತಿನಿಧಿಗಳೇ ಹೆಚ್ಚಿರುವ ಉದ್ಯಾನ ಮಂಡಳಿಯ ತೀರ್ಮಾನದಂತೆ 2019ರ ಅಕ್ಟೋಬರಿನಲ್ಲಿ ಹತ್ತುವುದನ್ನು ಮುಚ್ಚಲಾಯಿತು. ಆಸ್ಟ್ರೇಲಿಯಾ ತನ್ನ ಮೂಲಜನರಿಗೆ ಮಾಡಿದ ಅನ್ಯಾಯ ಸಣ್ಣದಲ್ಲ, ಅದನ್ನು ಮಾದರಿ ದೇಶವೆಂದು ನಾನು ಹೇಳುತ್ತಿಲ್ಲ. ಆದರೆ ಬಾಗಿಲ ಬಳಿ ನಿಂತು ಕೇಳಬೇಕು, ಬೇಡವೆಂದರೆ ಹಿಂದಿರುಗಬೇಕು ಎಂಬ ನಿಯಮ ಅಲ್ಲಿ ಕಾನೂನಾಗಿದೆ.

ಬಂಡೀಪುರದಲ್ಲಿ ಕಾಡಿಗೆ ಹೋಗಲು ಇಲಾಖೆಯ ಟಿಕೆಟ್ ಬೇಕು, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಹೆದ್ದಾರಿಯಲ್ಲೂ ವಾಹನ ಬಿಡುವುದಿಲ್ಲ. ಪ್ರಾಣಿಗಳ ನೆಮ್ಮದಿಗಾಗಿ 2009ರಿಂದ ಇರುವ ಈ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ. ಹಾಡಿಗೆ ಹೋಗಲು ಮಾತ್ರ ಯಾರ ಅಪ್ಪಣೆಯೂ ಬೇಡ. ಪ್ರವಾಸದ ಕಂಪನಿಯವರು, ಸೇವಾ ಸಂಸ್ಥೆಯವರು, ರೆಸಾರ್ಟಿನ ಮ್ಯಾನೇಜರು ಯಾರಾದರೂ ಒಂದು ಫೋನು ಮಾಡಿದರೆ ಆಯಿತು. ಹಾಡಿಯ ಯಜಮಾನರನ್ನು ಕೇಳುವುದಿಲ್ಲ, ತಿಳಿಸುತ್ತಾರೆ. ಅರಣ್ಯ ಹಕ್ಕು ಕಾಯ್ದೆ ಹಾಡಿಯ ಗ್ರಾಮಸಭೆಗೆ ಕಾಡಿನ ವಿಷಯದಲ್ಲೇ ದನಿ ಕೊಟ್ಟಿರುವಾಗ, ತಮ್ಮ ಅಂಗಳಕ್ಕೆ ಯಾರು ಬರಬೇಕೆಂದು ಹೇಳುವ ದನಿಯನ್ನು ಶಾಲೆಗಳು ತಾವಾಗಿಯೇ ಕೊಡಬಹುದಲ್ಲ? ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.

ಗುಂಡ್ಲುಪೇಟೆಯ ರೈತರು ಈ ವಿಷಯದಲ್ಲಿ ನಮಗೆ ದಾರಿ ತೋರಿಸಿದ್ದಾರೆ. ಮುಂಗಾರಿನಲ್ಲಿ ಹೆದ್ದಾರಿಯ ಪಕ್ಕದ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಿಗೆ ಪ್ರವಾಸಿಗರು ನುಗ್ಗಿ ಫೋಟೋ ತೆಗೆಯುತ್ತ ಗಿಡ ತುಳಿಯುವುದು ಹೆಚ್ಚಾದಾಗ, ಹಲವರು ಹೊಲದ ಬದುವಿನಲ್ಲಿ ನಿಂತು ಹಣ ಕೇಳತೊಡಗಿದರು. ಯಾರೂ ಅವರನ್ನು ದುರಾಸೆಯವರು ಎನ್ನಲಿಲ್ಲ. ಹೊಲ ಅವರದು, ನಷ್ಟ ಅವರದು. ಹಾಡಿಯ ಹೆಂಗಸು ಕಳೆದುಕೊಂಡ ಕೂಲಿಯನ್ನು ಕೇಳಿದರೆ ಮಾತ್ರ, ಪ್ರವಾಸಿಗರು ಇವರನ್ನು ಕೆಡಿಸಿಬಿಟ್ಟರು ಎನ್ನುವವರಿದ್ದಾರೆ. ಹಾಡಿಯವರು ಮುಗ್ಧರಾಗಿಯೇ ಇರಬೇಕು, ಹಣದ ಮಾತು ಆಡಬಾರದು ಎಂಬ ನಿರೀಕ್ಷೆ ನಮ್ಮೊಳಗಿದೆ. ಕಾಲೇಜಿಗೆ ಉಪನ್ಯಾಸಕ್ಕೆ ಬಂದವರಿಗೆ ನಾವು ಸಂಭಾವನೆಯ ಲಕೋಟೆ ಕೊಡುತ್ತೇವೆ, ಸಹಿ ಹಾಕಿಸಿಕೊಳ್ಳುತ್ತೇವೆ. ಬೆಂಕಿಯ ಪಾಠ ಹೇಳಿದ ಅಜ್ಜನಿಗೂ, ಬುಟ್ಟಿ ಹೆಣೆಯುವುದನ್ನು ಕಲಿಸಿದ ಅಕ್ಕನಿಗೂ ಅದೇ ಲಕೋಟೆ, ಅದೇ ಸಹಿ ಇರಲಿ. ಬಿಸ್ಕತ್ತು, ಹಳೇ ಬಟ್ಟೆ ಬೇಡವೇ ಬೇಡ. ಸಾಲಿನಲ್ಲಿ ನಿಲ್ಲಿಸಿ ಕೊಟ್ಟ ಬಿಸ್ಕತ್ತು ಪಡೆದವನಿಗೂ ಕೊಟ್ಟವನಿಗೂ ಒಂದೇ ಪಾಠ ಕಲಿಸುತ್ತದೆ, ಅದು ಇಬ್ಬರ ಜೀವನದುದ್ದಕ್ಕೂ ಉಳಿಯುತ್ತದೆ.

ಕುಣಿತವೂ ಹಾಗೆಯೇ. ಹಾಡು ಕುಣಿತದಲ್ಲಿ ಕೀಳು ಏನಿದೆ ಎಂದು ಕೇಳುವವರಿದ್ದಾರೆ. ಏನೂ ಇಲ್ಲ. ಸೋಲಿಗರ ಗೊರುಕನ ಹಾಡನ್ನು ರಾಜ್ಯದ ಎಷ್ಟೋ ಶಾಲೆಗಳ ವಾರ್ಷಿಕೋತ್ಸವದಲ್ಲಿ ಕೇಳಿದ್ದೇವೆ; ಸೋಲಿಗರ ತಂಡಗಳು ವೇದಿಕೆಗಳ ಮೇಲೆ ತಮ್ಮ ಹೆಸರಿನಿಂದ, ತಮ್ಮ ದರಕ್ಕೆ ಹಾಡುತ್ತವೆ. ಅಂಥ ತಂಡವನ್ನು ಕರೆಸಿ, ಹಾಡಿನ ಅರ್ಥ ಕೇಳಿ, ಯಾವ ಹಬ್ಬದಲ್ಲಿ ಯಾಕೆ ಹಾಡುತ್ತಾರೆಂದು ತಿಳಿದರೆ ಅದೇ ಒಂದು ದಿನದ ಪಾಠ. ಹುರುಳಿ ಕೀಳಲು ಹೋಗಬೇಕಿದ್ದವರನ್ನು ಹಿಡಿದು ನಿಲ್ಲಿಸಿ ಕುಣಿಯಿರಿ ಎನ್ನುವುದು ಬೇರೆ ಮಾತು.

ಇಷ್ಟನ್ನೂ ಒಂದೂಕಾಲು ಗಂಟೆಯಲ್ಲಿ ಮಾಡಲಾಗುವುದಿಲ್ಲ, ನಲವತ್ತು ಮಕ್ಕಳ ಜೊತೆಗೂ ಆಗುವುದಿಲ್ಲ. ಹತ್ತು ಹನ್ನೆರಡು ಮಕ್ಕಳು, ಮೂರು ನಾಲ್ಕು ದಿನ, ವರ್ಷ ವರ್ಷವೂ 'ನೀವೇ ಬನ್ನಿ' ಎಂದ ಒಂದೇ ಹಾಡಿ, ಸಾಧ್ಯವಾದರೆ ಅದೇ ಶಿಕ್ಷಕರು. ಹಾಡಿಯವರಿಗೆ ಕೂಲಿಯ ಒತ್ತಡವಿಲ್ಲದ ತಿಂಗಳು ಯಾವುದೆಂದು ಅವರೇ ಹೇಳಲಿ, ಪರೀಕ್ಷೆಯ ವೇಳಾಪಟ್ಟಿ ಅದಕ್ಕೆ ಹೊಂದಿಕೊಳ್ಳಲಿ. ಎಲ್ಲ ಮಕ್ಕಳಿಗೂ ಅವಕಾಶ ಸಿಗುವುದಿಲ್ಲವಲ್ಲ ಎಂಬ ಆಕ್ಷೇಪ ಬರುತ್ತದೆ. ನಿಜ, ಸಿಗುವುದಿಲ್ಲ. ಉಳಿದವರು ತರಗತಿಯಲ್ಲಿ ಕೂತು ಅಸ್ಸಾದಿ ವರದಿ ಓದಲಿ, ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆ ಓದಲಿ. ಅರ್ಧಂಬರ್ಧ ಹಾಡಿ ನೋಡುವುದಕ್ಕಿಂತ ಅದು ಹೆಚ್ಚು ಕಲಿಸುತ್ತದೆ.

ಒಬ್ಬರ ಮನೆಗೆ ಹೋಗಿ ಬಂದವರು ಅವರನ್ನೂ ತಮ್ಮ ಮನೆಗೆ ಕರೆಯಬೇಕು, ಇದು ನಮ್ಮ ಮನೆಗಳ ರೂಢಿ. ಹಾಡಿಯಲ್ಲಿ ಉಂಡು ಬಂದ ಮಕ್ಕಳ ಮನೆಗೆ ಹಾಡಿಯ ಮಕ್ಕಳು ಬಂದು ನಾಲ್ಕು ದಿನ ಇರಬೇಡವೇ? ಈ ಮಾತು ಹೇಳಿದಾಗ ಪೋಷಕರ ಸಭೆಯೊಂದರಲ್ಲಿ ಒಂದು ಕ್ಷಣ ಮೌನ ಆವರಿಸಿತು. ಆ ಮೌನದಲ್ಲಿ ಈ ಪ್ರವಾಸಗಳ ನಿಜವಾದ ಬಣ್ಣ ನನಗೆ ಕಂಡಿತು. ಮಕ್ಕಳು ಹಾಡಿಗೆ ಹೋಗಿ ಬರುವುದು ಸಂಸ್ಕಾರ. ಹಾಡಿಯ ಮಗು ತಮ್ಮ ಅಪಾರ್ಟ್‌ಮೆಂಟಿಗೆ ಬಂದು ಮಗನ ಮಂಚದ ಪಕ್ಕ ಮಲಗುವುದು, ಯೋಚಿಸಿ ಹೇಳುತ್ತೇವೆ ಎನ್ನಬೇಕಾದ ವಿಷಯ.

ಹಾಡಿಯ ಮಕ್ಕಳು ನಗರಕ್ಕೆ ಬಂದು ಇರುವುದು ಹೊಸದೇನಲ್ಲ. ಪ್ರತಿ ವರ್ಷ ದಸರಾ ಆನೆಗಳ ಜೊತೆ ಮಾವುತರು, ಕಾವಾಡಿಗರು ಕುಟುಂಬ ಸಮೇತ ಮೈಸೂರಿಗೆ ಬಂದು ಅರಮನೆಯ ಆವರಣದಲ್ಲಿ ವಾರಗಟ್ಟಲೆ ಬೀಡು ಬಿಡುತ್ತಾರೆ. ಅವರ ಮಕ್ಕಳ ಓದು ನಿಲ್ಲಬಾರದೆಂದು ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ನಾನೊಮ್ಮೆ ಅಲ್ಲಿಗೆ ಹೋಗಿದ್ದಾಗ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಬಾಗಿಲ ಬಳಿ ನಿಂತ ನಗರದವರು ಅವರ ಫೋಟೋ ತೆಗೆಯುತ್ತಿದ್ದರು. ಅರಮನೆಯಿಂದ ನಡೆದು ಹೋಗುವ ದೂರದಲ್ಲಿ ಎಷ್ಟೊಂದು ಶಾಲೆಗಳಿವೆ. ಒಂದು ಶಾಲೆಯಾದರೂ ಆ ಮಕ್ಕಳನ್ನು ತಮ್ಮ ತರಗತಿಗೆ ಕರೆದು ಬೆಂಚಿನ ಮೇಲೆ ಪಕ್ಕ ಕೂರಿಸಿಕೊಂಡರೆ, ಆ ವಾರಗಳು ಇಬ್ಬರಿಗೂ ನೂರು ಕಿಲೋಮೀಟರು ಹೋಗದೆಯೇ ಸಿಗುವ ಪಾಠ. ಆನೆಯ ಬಗ್ಗೆ ಆ ಮಕ್ಕಳು ಹೇಳಬಲ್ಲದ್ದನ್ನು ಮೈಸೂರಿನ ಯಾವ ವಿಜ್ಞಾನ ಶಿಕ್ಷಕರೂ ಹೇಳಲಾರರು.

ಈ ವರ್ಷದ ಪ್ರವಾಸದ ಪಟ್ಟಿ ಹಿಡಿದು ಕೂತಿರುವ ಶಿಕ್ಷಕ ಮಿತ್ರರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಬಸ್ಸಿಗೆ ಮುಂಗಡ ಕೊಡುವ ಮೊದಲು ನಿಮ್ಮಲ್ಲಿ ಒಬ್ಬರು, ಮಕ್ಕಳಿಲ್ಲದೆ, ಕ್ಯಾಮೆರಾ ಇಲ್ಲದೆ, ಹಾಡಿಗೆ ಹೋಗಿ. ಯಜಮಾನರ ಮನೆ ಕೇಳಿ, ಕೂತು, ನಾವು ಬರಬಹುದೇ, ಏನು ಕಲಿಸುತ್ತೀರಿ, ನಿಮಗೆ ಏನು ಕೊಡಬೇಕು ಎಂದು ಕೇಳಿ. ಉತ್ತರ ಅಂದೇ ಸಿಗಬೇಕೆಂದಿಲ್ಲ, ಇನ್ನೊಮ್ಮೆ ಹೋಗಿ. ಅವರು ಬೇಡ ಎಂದರೆ ಬಸ್ಸು ರದ್ದು ಮಾಡಿ, ಮಕ್ಕಳಿಗೆ ಯಾಕೆ ರದ್ದಾಯಿತೆಂದು ಹೇಳಿ.